ನಡೆಯುವ ಪೇಟೆ

ಸಭೆಯಲ್ಲಿ ಎಲ್ಲರಿಗಿಂತ ಮೊದಲು ಕೈ ಎತ್ತಿದವರು ಮಾವ. ಎತ್ತಿ ಸುಮ್ಮನೆ ಕೂತಿದ್ದರೆ ಹೋಗಲಿ ಅನ್ನಬಹುದಿತ್ತು, ಎದ್ದು ನಿಂತು ನಾಲ್ಕು ಮಾತನ್ನೂ ಆಡಿದರು.

“ಈ ಪೇಟೆ ನಡೀಬೇಕು ಸ್ವಾಮಿ. ಟೈರ್ ಅಂಗಡಿ ಇಟ್ಟ ದಿನದಿಂದ ನಾನು ಅದನ್ನೇ ಬಡ್ಕೊಳ್ತಿದೀನಿ. ಪೇಟೆ ನಡೆದ್ರೆ ತಾನೇ ನಮ್ಮ ಸಂಸಾರ ನಡೆಯೋದು?”

ನಗರಸಭೆಯ ಇಂಜಿನಿಯರ್ ಚಪ್ಪಾಳೆ ತಟ್ಟಿದ. ಅವನ ಬೆನ್ನ ಹಿಂದೆ ಗೋಡೆಗೆ ಕಟ್ಟಿದ್ದ ಬ್ಯಾನರಿನಲ್ಲಿ ‘ನಡೆಯುವ ಪೇಟೆ, ನಮ್ಮ ಪೇಟೆ’ ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ಬೀದಿಯ ಹಿರಿಯ ವ್ಯಾಪಾರಿಯೇ ಹೂಂ ಅಂದಮೇಲೆ ಮಿಕ್ಕವರದ್ದೇನಿದೆ. ಚಪ್ಪಲಿ ಅಂಗಡಿಯವನು, ಔಷಧಿ ಅಂಗಡಿಯವನು, ಕನ್ನಡಕದವನು, ಎಲ್ಲರೂ ಕೈ ಎತ್ತಿದರು.

ಬ್ಯಾನರಿನ ಆ ಮಾತು ಸೊಸೆ ಬರೆದದ್ದು. ಅವಳು ನಗರಸಭೆಯಲ್ಲಿ ನಕ್ಷೆ ಬರೆಯುವವಳು. ಅವತ್ತು ಇಂಜಿನಿಯರನ ಮೇಜಿನ ತುದಿಯಲ್ಲಿ ಸುರುಳಿ ಸುತ್ತಿದ ನಕ್ಷೆಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಮಾವನ ಮಾತು ಕೇಳುತ್ತಿದ್ದ ಹಾಗೇ ಅವಳಿಗೆ ಎಡವಟ್ಟು ಗೊತ್ತಾಯಿತು. ಮಾವ ಹೇಳುತ್ತಿರುವುದು ವ್ಯಾಪಾರ ನಡೆಯುವ ಮಾತು. ನಕ್ಷೆಯಲ್ಲಿರುವುದು ಕಾಲಲ್ಲಿ ನಡೆಯುವ ಮಾತು. ಈ ಬೀದಿಗೆ ಇನ್ನು ಕಾರು, ಬೈಕು ಯಾವುದೂ ಬರುವಂತಿಲ್ಲ, ಬಂದವರು ಬೀದಿಯ ತುದಿಯ ಬಯಲಲ್ಲಿ ಗಾಡಿ ನಿಲ್ಲಿಸಿ ನಡೆದೇ ಬರಬೇಕು. ಇಂಜಿನಿಯರ್ ಇದನ್ನೆಲ್ಲ ಮೊದಲೇ ಬಿಡಿಸಿ ಹೇಳಿದ್ದ. ಮಾವ ಒಬ್ಬ ಗಿರಾಕಿಯ ಪಂಚರ್ ಮುಗಿಸಿ ಸಭೆಗೆ ಬಂದದ್ದು ಕೊನೆಗೆ, ಕೈ ಎತ್ತುವ ಹೊತ್ತಿಗೆ.

ಎದ್ದು ಹೇಳಬೇಕಿತ್ತು. ಸೊಸೆ ಎದ್ದೇಳಲಿಲ್ಲ, ನಕ್ಷೆಗಳನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡಳು.

ಬೀದಿ ಹೀಗಾಗಲಿ ಅನ್ನುವ ಅವಳ ಆಸೆಗೂ ಕಾರಣವಿತ್ತು ಅನ್ನಿ. ದೊಡ್ಡ ನಗರದ ಹೊರಗೆ ಸಾಲುಸಾಲಾಗಿ ಎದ್ದುನಿಂತ ಮನೆಗಳ ಊರು ಅದು. ಪ್ರತಿ ಮನೆಗೂ ಕಾರು ನಿಲ್ಲಿಸುವ ಜಾಗ ಉಂಟು, ಕೂತು ಮಾತಾಡಲು ಒಂದು ಕಟ್ಟೆ ಇಲ್ಲ. ಉಪ್ಪು ಮುಗಿದರೂ ಕಾರು ತೆಗೆಯಬೇಕು. ಇದ್ದ ಒಂದು ಪೇಟೆಬೀದಿಯಲ್ಲಿ ಬೆಳಗಿನಿಂದ ಸಂಜೆಯ ತನಕ ಗಾಡಿಗಳ ಸಾಲು ಕಡಿಯುತ್ತಿರಲಿಲ್ಲ. ಹನ್ನೊಂದು ವರ್ಷದ ಮಗಳನ್ನು ಪೆನ್ಸಿಲ್ ತರಲು ಒಬ್ಬಳೇ ಕಳಿಸುವ ಧೈರ್ಯ ಅವಳಿಗಿರಲಿಲ್ಲ. ಈ ನಕ್ಷೆಯನ್ನು ಅವಳು ಸಂಬಳಕ್ಕಾಗಿ ಮಾತ್ರ ಬರೆದಿರಲಿಲ್ಲ.

ಅಂಗಡಿ ಪೇಟೆಬೀದಿಯ ಮೇಲೆ, ಮನೆ ಅದರ ಹಿಂದಿನ ಓಣಿಯಲ್ಲಿ. ಒಂದು ಸೋಮವಾರ ಬೆಳಿಗ್ಗೆ ಮಾವ ಷಟರ್ ಎತ್ತಲು ಹೋದಾಗ ಬೀದಿಯ ಎರಡೂ ಬಾಯಿಗೆ ಆಳುಗಳು ಸಿಮೆಂಟಿನ ದೊಡ್ಡ ಕುಂಡಗಳನ್ನು ಇಳಿಸುತ್ತಿದ್ದರು.

“ಏನಪ್ಪಾ ಇದು? ಕುಂಡ ಅಡ್ಡ ಇಟ್ರೆ ಕಾರು ಎಲ್ಲಿಂದ ಬರುತ್ತೆ?”

“ಬರಲ್ಲ ಸಾಹುಕಾರ್ರೇ. ಒಂದು ತಿಂಗಳು ಪರೀಕ್ಷೆಗೆ ಅಂತ ಬಂದ್ ಮಾಡ್ತಿದಾರೆ. ಆಮೇಲೆ ಇನ್ನೊಂದು ಸಭೆ ಕರೀತಾರಂತೆ.”

“ಯಾವನು ಒಪ್ಪಿದ್ದು ಇದಕ್ಕೆ?”

ಆಳು ಬೆವರು ಒರೆಸಿಕೊಂಡು ನಕ್ಕ. “ಮೊದಲು ಕೈ ಎತ್ತಿದವರು ನೀವೇ ಅಂತೆ.”

ರಾತ್ರಿ ಊಟಕ್ಕೆ ಕೂತಾಗ ಮಾವ ತಟ್ಟೆ ಮುಟ್ಟಲಿಲ್ಲ. ಸೊಸೆ ಅನ್ನ ಬಡಿಸುತ್ತಿದ್ದಳು. ಗಂಡ ತಂದೆಯ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿ ಆಲೂಗಡ್ಡೆಯ ಹೋಳಿನ ಕಡೆ ಗಮನ ಕೊಟ್ಟ.

“ಆ ಬ್ಯಾನರ್ ಬರೆದದ್ದು ನೀನೇನಾ?” ಅಂದರು ಮಾವ.

“ಹೌದು ಮಾವ.”

“ನಡೆಯೋದು ಅಂದ್ರೆ ನಾನು ಏನಂತ ತಿಳ್ಕೊಂಡೆ ಅಂತ ನಿನಗೆ ಅಲ್ಲೇ ಗೊತ್ತಾಯ್ತಾ?”

ಸುಳ್ಳು ಹೇಳಿ ಪಾರಾಗಬಹುದಿತ್ತು. ಸೊಸೆಗೆ ಆ ವಿದ್ಯೆ ಬರದು. “ಗೊತ್ತಾಯ್ತು,” ಅಂದಳು.

“ಗೊತ್ತಾಗೀನೂ ಸುಮ್ನಿದ್ದೆ.”

“ಸುಮ್ನಿದ್ದೆ ಮಾವ. ತಪ್ಪಾಯ್ತು.”

“ತಪ್ಪಾಯ್ತಂತೆ. ಟೈರ್ ಮಾರೋನ ಕೈಲೇ ಕಾರು ಬೇಡ ಅನ್ನಿಸಿದಾಳೆ, ಊರೆಲ್ಲ ಬಿದ್ದು ಬಿದ್ದು ನಗ್ತಿದೆ. ಇನ್ನು ಇವಳು ಬಡಿಸಿದ್ದನ್ನ ನಾನು ಉಣ್ಣಲ್ಲ.”

“ಸರಿ,” ಅಂದರು ಅತ್ತೆ, ಮಂಡಿ ನೀವಿಕೊಳ್ಳುತ್ತಾ. “ಸೌಟು ಅಲ್ಲಿದೆ. ನೀವೇ ಬಡಿಸ್ಕೊಳ್ಳಿ.”

ಮಾವ ಅಂದಿನಿಂದ ತಾವೇ ಬಡಿಸಿಕೊಂಡರು. ಮಾತಿಗೆ ತಪ್ಪುವ ಮನುಷ್ಯ ಅವರಲ್ಲ. ಉಪ್ಪು ಎಲ್ಲಿದೆ ಅಂತ ಕೇಳಲು ಬಿಗುಮಾನ, ಹಾಗಾಗಿ ಅಡುಗೆಮನೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ತೆಗೆದು ಮೂಸಿ ನೋಡುತ್ತಿದ್ದರು. ಒಂದು ದಿನ ಅನ್ನಕ್ಕೆ ಸಕ್ಕರೆ ಬಿತ್ತು. ಯಾರೂ ನಗಲಿಲ್ಲ, ಮೊಮ್ಮಗಳು ಮಾತ್ರ ನೀರು ಕುಡಿಯುವ ನೆಪದಲ್ಲಿ ಎದ್ದು ಹೋದಳು.

ಬೀದಿಯಲ್ಲಿ ಮೊದಲ ವಾರ ಯಾರಿಗೂ ಕೈಕಾಲು ಆಡಲಿಲ್ಲ. ಅಂಗಡಿಯವರು ಬಾಗಿಲಿಗೆ ಬಂದು ನಿಲ್ಲುವುದು, ಒಳಗೆ ಹೋಗುವುದು, ಮತ್ತೆ ಬಾಗಿಲಿಗೆ ಬರುವುದು. ಎರಡನೆಯ ವಾರ ಜನ ಬರತೊಡಗಿದರು. ಮಕ್ಕಳು ಸೈಕಲ್ ತಂದರು. ನಗರಸಭೆಯವರು ಮರದ ಬೆಂಚುಗಳನ್ನು ಹಾಕಿಸಿದರು. ಚಪ್ಪಲಿ ಅಂಗಡಿಯವನಿಗೆ ಸುಗ್ಗಿಯೋ ಸುಗ್ಗಿ. ನಡೆದಷ್ಟೂ ಚಪ್ಪಲಿ ಸವೆಯುತ್ತದಲ್ಲ ಅಂತ ಅವನು ಮಾವನ ಎದುರಿಗೇ ಹೇಳಿ ಹಲ್ಲು ಕಿರಿದ. ಮಾವ ಅವನ ಹತ್ತಿರ ಮಾತು ಬಿಟ್ಟರು.

ಟೈರ್ ಅಂಗಡಿಯ ಪಾಡು ಮಾತ್ರ ಕೇಳುವಂತಿರಲಿಲ್ಲ. ಯಾರಾದರೂ ಫೋನ್ ಮಾಡಿದರೆ ಮಗ ಟೈರನ್ನು ಉರುಳಿಸಿಕೊಂಡು ಬೀದಿಯುದ್ದಕ್ಕೂ ಬಯಲಿನ ತನಕ ಹೋಗಬೇಕು, ಅಲ್ಲಿ ಮಣ್ಣಿನಲ್ಲಿ ಜಾಕ್ ಕೊಟ್ಟು ಗಾಡಿ ಎತ್ತಬೇಕು, ಬಿಚ್ಚಿದ ಹಳೇ ಟೈರನ್ನು ಮತ್ತೆ ಉರುಳಿಸಿಕೊಂಡು ಬರಬೇಕು. ಬೆಂಚಿನ ಮೇಲೆ ಕೂತವರು ಕಾಲು ಮಡಚಿ ದಾರಿ ಬಿಡುತ್ತಿದ್ದರು. ಚಕ್ರದ ಅಲೈನ್‌ಮೆಂಟ್ ನೋಡುವ ಮೆಷಿನ್ನಿಗೆ ಕಾಲಿಲ್ಲವಲ್ಲ, ಅದು ಅಂಗಡಿಯಲ್ಲಿ ಧೂಳು ತಿನ್ನುತ್ತಾ ನಿಂತಿತ್ತು.

“ಇದು ಹೀಗೇ ಆದ್ರೆ ಅಂಗಡಿ ಮುಚ್ಚೋದೇ,” ಅಂದ ಗಂಡ, ಒಂದು ಸಂಜೆ ಬಟ್ಟೆ ಒಣಗಿಸುತ್ತಿದ್ದ ಹೆಂಡತಿಯ ಹತ್ತಿರ ಬಂದು ನಿಂತು. ಅವನ ಅಂಗೈಯ ಚರ್ಮ ಸುಲಿದಿತ್ತು.

“ಹೆದ್ದಾರಿ ಕಡೆ ಜಾಗ ಕೊಡ್ತೀವಿ ಅಂತ ನಗರಸಭೆಯವರು ಹೇಳಿದಾರಲ್ಲ ರೀ.”

“ಅಪ್ಪ ಹೋಗ್ತಾರಾ? ಆ ಅಂಗಡಿ ಬಿಟ್ಟು ಹೊರಗೆ ಬಂದ್ರೆ ಅವರಿಗೆ ದಿಕ್ಕೇ ತೋಚಲ್ಲ. ನಿನಗೇನು, ತಿಂಗಳಾದ್ರೆ ಸಂಬಳ ಬರುತ್ತೆ. ನಾನೇನು ಮಾಡ್ಲಿ? ನಿನ್ನ ನಕ್ಷೆಗೆ ಬಣ್ಣ ಹಚ್ಕೊಂಡು ಕೂತ್ಕೊಳ್ಳಾ?”

“ನನ್ನ ಮೇಲೆ ಯಾಕೆ ಸಿಡುಕ್ತೀರಿ?”

“ಮತ್ಯಾರ ಮೇಲೆ ಸಿಡುಕ್ಲಿ? ಅಪ್ಪನ ಮೇಲೆ ಆಗಲ್ಲ, ಅಮ್ಮನ ಮೇಲೆ ಮನಸ್ಸು ಬರಲ್ಲ. ಉಳಿದವಳು ನೀನೊಬ್ಬಳು.” ಹೇಳಿದವನಿಗೇ ನಗು ಬಂತು. ಒದ್ದೆ ಬೆಡ್‌ಶೀಟಿನ ಇನ್ನೊಂದು ತುದಿ ಹಿಡಿದು ಹಿಂಡಿಕೊಟ್ಟ. ಅಂಗೈ ಉರಿದಿರಬೇಕು, ಮುಖ ಕಿವುಚಿದ.

ಸೊಸೆ ಆ ಅಂಗೈಗೆ ಕೊಬ್ಬರಿ ಎಣ್ಣೆ ಹಚ್ಚಿದಳು. ಕಚೇರಿಯಲ್ಲಿ ನಕ್ಷೆ ಹರಡಿದಾಗಲೆಲ್ಲ ಅವಳ ಕಣ್ಣು ಟೈರ್ ಅಂಗಡಿಯ ಸಣ್ಣ ಚೌಕಕ್ಕೇ ಹೋಗುತ್ತಿತ್ತು. ಅದರ ಮುಂದೆ ಒಂದು ಬೆಂಚು ಇರಲಿ ಅಂತ ಗುರುತು ಮಾಡಿದವಳೂ ಅವಳೇ.

ಆ ದಿನಗಳಲ್ಲಿ ಮನೆಯಲ್ಲಿ ಇನ್ನೊಂದು ಬದಲಾವಣೆಯಾಗಿತ್ತು. ನಾಲ್ಕು ಗಂಟೆಯ ಟೀ ಕುಡಿದದ್ದೇ ಅತ್ತೆ ಕಾಣೆಯಾಗುತ್ತಿದ್ದರು. ಮಂಡಿ ಕೆಟ್ಟಮೇಲೆ ಕಿಟಕಿಯ ಪಕ್ಕದ ಕುರ್ಚಿ ಬಿಟ್ಟು ಕದಲದ ಹೆಂಗಸು ಅವರು. ಈಗ ಸೀರೆ ಸರಿಮಾಡಿಕೊಂಡು, ಕನ್ನಡಕ ಒರೆಸಿಕೊಂಡು, “ಹೀಗೆ ಹೋಗಿ ಹಾಗೆ ಬಂದೆ” ಅಂದು ಹೊರಟರೆ ದೀಪ ಹಚ್ಚುವ ಹೊತ್ತಿಗೆ ವಾಪಸ್ಸು. ಬೆಂಚಿನ ಮೇಲೆ ಕೂತು ಬರುತ್ತಾರೆ ಅಂತ ಎಲ್ಲರೂ ಅಂದುಕೊಂಡಿದ್ದರು. ಗುಟ್ಟು ಒಡೆದವಳು ಮೊಮ್ಮಗಳು, ಅದೂ ಊಟದ ಮಧ್ಯೆ.

“ಅಜ್ಜೀ, ದರ್ಜಿ ಆಂಟಿ ನಿನಗೆ ಎಷ್ಟು ಕೊಡ್ತಾರೆ?”

ಮಾವನ ಕೈ ಸೌಟಿನಲ್ಲೇ ನಿಂತಿತು. “ಏನು ಕೊಡೋದು?”

“ಅಜ್ಜಿ ಅಲ್ಲಿ ಹೊಲೀತಾಳಲ್ಲ ತಾತ. ಅಂಗಿ ಗುಂಡಿಗೆ ತೂತು ಮಾಡಿ ಸುತ್ತ ಹೊಲಿಯೋದು.”

“ಕಾಜಾ,” ಅಂದರು ಅತ್ತೆ ತಣ್ಣಗೆ. “ಅದಕ್ಕೆ ಕಾಜಾ ಅಂತಾರೆ.”

“ನನ್ನ ಹೆಂಡತಿ ಕೂಲಿಗೆ ಹೋಗ್ತಿದಾಳಾ?”

“ಕೂಲಿಯೋ ಪಾಲಿಯೋ, ಹೋಗ್ತಿದೀನಿ. ಮದುವೆಗೆ ಮುಂಚೆ ನಾನು ಮಾಡ್ತಿದ್ದ ಕೆಲಸ ಅದು. ದರ್ಜಿಯವಳ ಅಮ್ಮನ ಹತ್ರ ಕಲಿತದ್ದು. ಮೆಷಿನ್ ಕಾಜಾ ಒಂದು ಒಗೆತಕ್ಕೆ ಬಿಚ್ಕೊಳ್ಳುತ್ತೆ, ನನ್ನದು ಬಟ್ಟೆ ಹರಿದ್ರೂ ಬಿಡಲ್ಲ.”

“ಇಷ್ಟು ವರ್ಷ ಬೇಕಾಗದೇ ಇದ್ದದ್ದು ಈಗ ಯಾಕೆ ಬೇಕಾಯ್ತು?”

“ಬೇಕಾಗಿತ್ತು. ದಾಟೋಕಾಗ್ತಿರಲಿಲ್ಲ.” ಅತ್ತೆ ತಟ್ಟೆಯನ್ನು ಪಕ್ಕಕ್ಕೆ ಸರಿಸಿದರು. “ನಿಮ್ಮ ಅಂಗಡಿ ಎದುರಿಗೇ ಅವಳ ಅಂಗಡಿ. ಇಲ್ಲಿಂದ ಕೂಗಿದ್ರೆ ಅಲ್ಲಿಗೆ ಕೇಳ್ಸುತ್ತೆ. ಮಧ್ಯೆ ಆ ಗಾಡಿಗಳು. ಎರಡು ಸಲ ಕಾಲಿಟ್ಟು ಹಿಂದೆ ಬಂದೆ, ಮೂರನೇ ಸಲ ಹೋಗೋ ಧೈರ್ಯ ಬರಲಿಲ್ಲ.”

“ನಾನು ಕಾರಲ್ಲಿ ಬಿಡ್ತಿದ್ನಲ್ಲ?”

“ಎದುರುಗಡೆ ಅಂಗಡಿಗೆ ಕಾರಲ್ಲಿ. ಬೀದಿ ತುದಿಗೆ ಹೋಗಿ, ತಿರುಗಿಸ್ಕೊಂಡು ಬಂದು, ನನ್ನನ್ನ ಇಳಿಸಿ, ಬೇಗ ಮುಗ್ಸು ಅಂತ ಹಾರ್ನ್ ಹೊಡೀತಾ ಕೂರ್ತಿದ್ರಿ. ಆಮೇಲೆ ನಾನೇ ಬೇಡ ಅಂದೆ. ಯಾಕೆ ಬೇಡ ಅಂತ ನೀವು ಕೇಳಲಿಲ್ಲ.”

ಮಾವ ಒಂದು ಸೌಟು ಅನ್ನ ಹಾಕಿಕೊಂಡವರು ಇನ್ನೊಂದು, ಮತ್ತೊಂದು ಅಂತ ಹಾಕಿಕೊಳ್ಳುತ್ತಲೇ ಹೋದರು. ಆ ಅನ್ನವನ್ನು ಅವರಿಂದ ಉಣ್ಣಲಾಗಲಿಲ್ಲ, ಮರುದಿನ ಬೆಳಿಗ್ಗೆ ಸೊಸೆ ಅದಕ್ಕೆ ಈರುಳ್ಳಿ ಹಾಕಿ ಹುರಿದಳು.

ತಿಂಗಳು ತುಂಬಿತು. ಎರಡನೆಯ ಸಭೆಗೆ ನಗರಸಭೆಯ ಅಧ್ಯಕ್ಷೆಯೇ ಬಂದಿದ್ದರು. ಬೀದಿಯನ್ನು ಹೀಗೇ ಉಳಿಸಬೇಕೋ, ಮತ್ತೆ ಗಾಡಿಗಳಿಗೆ ಬಿಡಬೇಕೋ, ಅವತ್ತೇ ತೀರ್ಮಾನ. ಚಪ್ಪಲಿ ಅಂಗಡಿಯವನು ಹಾಡಿ ಹೊಗಳಿದ. ಪೀಠೋಪಕರಣದ ಅಂಗಡಿಯವನು ತನ್ನ ಸೋಫಾಗಳನ್ನು ಜನ ಹೆಗಲ ಮೇಲೆ ಹೊತ್ತುಕೊಂಡು ಹೋಗುತ್ತಾರೆಯೇ ಅಂತ ಕೂಗಾಡಿದ. ಸರಿಸುಮಾರು ಅರ್ಧ ಈ ಕಡೆ, ಅರ್ಧ ಆ ಕಡೆ. ಎಲ್ಲರೂ ತಿರುಗಿ ಮಾವನತ್ತ ನೋಡಿದರು. ಮೇಜಿನ ತುದಿಯಲ್ಲಿ ಕೂತಿದ್ದ ಸೊಸೆಯೂ ನೋಡಿದಳು. ನಿನ್ನೆ ಸಂಜೆ ಅತ್ತೆ ಬೆರಳಿಗೆ ಸೂಜಿ ಚುಚ್ಚಿಕೊಂಡು ಬಂದು ಮೊಮ್ಮಗಳಿಗೆ ತೋರಿಸಿ ನಗುತ್ತಿದ್ದದ್ದನ್ನು ಮಾವನೂ ನೋಡಿದ್ದರು.

ಮಾವ ಎದ್ದರು. “ನಾನು ಅವತ್ತು ಒಪ್ಪಿದ್ದು ತಪ್ಪು ತಿಳಿದು. ನಡೆಯೋ ಪೇಟೆ ಅಂದ್ರೆ ವ್ಯಾಪಾರ ಆಗೋ ಪೇಟೆ ಅಂದ್ಕೊಂಡೆ. ನನ್ನ ಮಾತು ನಂಬಿ ಕೈ ಎತ್ತಿದವರೂ ಇದಾರೆ. ನನ್ನ ಒಪ್ಪಿಗೆ ವಾಪಸ್ ತಗೊಳ್ತೀನಿ.”

ಹಿಂದಿನಿಂದ ಯಾರೋ ಕಿಸಕ್ಕೆಂದರು. ಅಧ್ಯಕ್ಷೆ ಮುಂದಕ್ಕೆ ಬಾಗಿದರು. “ಅಂಥಾ ಎರಡರ್ಥದ ಮಾತು ಬರೆದವರು ಯಾರು? ನಮ್ಮ ಕಚೇರಿಯವರಾ? ನಿಮಗೆ ಮೋಸ ಮಾಡ್ಬೇಕು ಅಂತ ಬರೆದ್ರಾ?”

ಸೊಸೆ ತಲೆ ಎತ್ತಿ ಮಾವನನ್ನೇ ನೋಡಿದಳು. ಮಾವ ಅವಳತ್ತ ನೋಡಲೇ ಇಲ್ಲ.

“ಯಾರು ಬರೆದ್ರೋ ನಾನು ಕಾಣೆ ತಾಯಿ. ಬರೆದದ್ದು ಸರಿಯಾಗೇ ಇದೆ. ತಡವಾಗಿ ಬಂದು, ಏನು ಎತ್ತ ಕೇಳದೆ ಬಾಯಿ ಹಾಕಿದ್ದು ನಾನು.”

ಅಲ್ಲಿಗೆ ಮುಗಿಯಿತು. ಒಪ್ಪಿದವರಲ್ಲಿ ಹಲವರು ಮಾವನ ಹಿಂದೆಯೇ ಜಾರಿದರು, ಬೀದಿಯನ್ನು ಗಾಡಿಗಳಿಗೆ ಬಿಡುವುದೆಂದು ತೀರ್ಮಾನವಾಯಿತು. ಸಭೆಯಿಂದ ಮನೆಗೆ ಬರುವಾಗ ಸೊಸೆ ಮಾವನ ಹಿಂದೆ ಹಿಂದೆಯೇ ನಡೆದಳು. ಓಣಿಯ ತಿರುವಿನಲ್ಲಿ ಧೈರ್ಯ ತಂದುಕೊಂಡು, “ಮಾವ, ನನ್ನ ಹೆಸರು ಹೇಳ್ದೇ ಇದ್ದದ್ದು...” ಅಂದಳು.

“ನಿನ್ನ ಕೆಲಸ ಉಳಿಸಿದೆ, ಅಷ್ಟೇ. ಮನೆಗೆ ಬರೋ ಸಂಬಳ ಅದೊಂದೇ ಈಗ. ನಿನ್ನ ಮೇಲಿನ ಸಿಟ್ಟು ಹಾಗೇ ಇದೆ, ಅದಕ್ಕೇನೂ ಆಗಿಲ್ಲ.”

ಕುಂಡಗಳು ಹೋದವು, ಬೆಂಚುಗಳನ್ನು ಲಾರಿಗೆ ಹಾಕಿ ಒಯ್ದರು. ಮಾರನೆಯ ದಿನವೇ ಗಾಡಿಗಳ ಸಾಲು ಮೊದಲಿನಂತೆ ಹರಿಯಿತು. ಅಂಗಡಿಯಲ್ಲಿ ಕಾರುಗಳು ನಿಂತವು, ಮೆಷಿನ್ ತಿರುಗಿತು, ಗಂಡನ ಅಂಗೈ ಮಾಯತೊಡಗಿತು. ಸೊಸೆಗೆ ಅದರಿಂದ ಸಮಾಧಾನವಾಯಿತು, ಸುಳ್ಳು ಯಾಕೆ. ಆದರೆ ಮನೆಯಲ್ಲಿ ಮಾತ್ರ ಯಾರಿಗೂ ಒಂದು ಕಡೆ ಕೂರಲಾಗುತ್ತಿರಲಿಲ್ಲ. ಅತ್ತೆ ಜಗಳವಾಡಿದ್ದರೆ ಚೆನ್ನಾಗಿತ್ತು. ಅವರು ನಾಲ್ಕು ಗಂಟೆಗೆ ಟೀ ಕುಡಿದು ಕಿಟಕಿಯ ಪಕ್ಕ ಕೂತು ಮನೆಯ ಅಂಗಿಗಳ ಗುಂಡಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಮಾವ ಅಂಗಡಿ ಬಿಟ್ಟು ಸುಮ್ಮಸುಮ್ಮನೆ ಮನೆಗೆ ಬರುವುದು, ನೀರು ಕುಡಿಯುವುದು, ಹೆಂಡತಿಯತ್ತ ನೋಡುವುದು, ಹೋಗುವುದು.

“ಕಾರು ಹತ್ತು,” ಅಂದರು ಒಂದು ದಿನ. “ದರ್ಜಿ ಹತ್ರ ಬಿಟ್ಟು ಬರ್ತೀನಿ.”

“ಬಿಟ್ಟು ಬರೋಕೆ ನಾನೇನು ಪಾರ್ಸೆಲ್ಲಾ?”

“ಹಾರ್ನ್ ಹೊಡಿಯಲ್ಲ.”

“ನಿಮ್ಮ ಅಂಗಡಿ ಉಳೀತಲ್ಲ, ಹೋಗಿ ನೋಡ್ಕೊಳ್ಳಿ. ನನಗೆ ಅದರ ಮೇಲೆ ಹೊಟ್ಟೆಕಿಚ್ಚಿಲ್ಲ.” ಅತ್ತೆ ಹಲ್ಲಿನಲ್ಲಿ ದಾರ ಕಡಿದರು. “ನಾನಾಗೇ ಹೋಗಿ ನಾನಾಗೇ ಬರ್ತಿದ್ದೆ. ಅದು ಕಾರಲ್ಲಿ ಕೂತ್ರೆ ಬರಲ್ಲ.”

ಸೊಸೆ ಅಡುಗೆಮನೆಯಲ್ಲಿ ಬೀನ್ಸ್ ಹೆಚ್ಚುತ್ತಾ ಕೇಳಿಸಿಕೊಂಡಳು. ಯಾರ ಕಡೆ ಮಾತಾಡಬೇಕು ಅಂತ ಅವಳಿಗೆ ತಿಳಿಯಲಿಲ್ಲ. ಮಾವ ಚಪ್ಪಲಿ ಮೆಟ್ಟಿ ಹೋದರು.

ಶನಿವಾರ ನಗರಸಭೆಗೆ ಅರ್ಧ ದಿನ ರಜೆ. ಗಂಡ ಊಟಕ್ಕೆ ಬಾರದೆ ಹೊತ್ತು ಮೀರಿತ್ತು, ಸೊಸೆ ಡಬ್ಬಿ ಹಿಡಿದು ಅಂಗಡಿಗೆ ಹೋದಳು. ಬೀದಿಯಲ್ಲಿ ಗಾಡಿಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ಗಂಡ ಮೆಷಿನ್ನಿನ ಹತ್ತಿರ, ಮಾವ ಕುಕ್ಕರಗಾಲಲ್ಲಿ ಕೂತು ಒಂದು ಕಾರಿನ ಚಕ್ರದ ನಟ್ಟು ಬಿಚ್ಚುತ್ತಿದ್ದರು. ಡಬ್ಬಿ ಮುಚ್ಚಳ ತೆಗೆಯುವಷ್ಟರಲ್ಲಿ ಗಂಡ, “ಅಮ್ಮಾ,” ಅಂದ, ಬೆದರಿದ ದನಿಯಲ್ಲಿ.

ಅತ್ತೆ ಓಣಿಯಿಂದ ಬಂದು, ಅಂಗಡಿಯ ಕಡೆ ತಿರುಗಿಯೂ ನೋಡದೆ, ನೇರ ಬೀದಿಯಂಚಿಗೆ ಹೋಗಿ ನಿಂತಿದ್ದರು. ಬಗಲಲ್ಲಿ ಸೂಜಿ ದಾರದ ಚೀಲ. ಒಂದು ಬೈಕು ಹೋಯಿತು, ಒಂದು ವ್ಯಾನು ಹೋಯಿತು. ಅತ್ತೆ ಕಾಲು ಕೆಳಗಿಟ್ಟರು. ಬ್ರೇಕು ಕಿರುಚಿತು, ಹಾರ್ನು ಮೊಳಗಿತು. ಅತ್ತೆ ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ, ಚೀಲವನ್ನು ಎದೆಗೆ ಒತ್ತಿಕೊಂಡು ಇದ್ದಲ್ಲೇ ನಿಂತರು.

ಸೊಸೆ ಡಬ್ಬಿ ಎಸೆದು ಓಡಿದಳು. ಅವಳಿಗಿಂತ ಮೊದಲೇ ಮಾವ ಅಲ್ಲಿದ್ದರು. ಎದ್ದದ್ದು ಯಾವಾಗ, ಓಡಿದ್ದು ಯಾವಾಗ, ಯಾರೂ ನೋಡಲಿಲ್ಲ. ಕೈಯಲ್ಲಿ ಸ್ಪ್ಯಾನರ್, ಮೊಳಕೈಯ ತನಕ ಗ್ರೀಸು. ಹೆಂಡತಿಗೆ ಬೆನ್ನು ಕೊಟ್ಟು, ಮುಂದಿನ ಕಾರಿನ ಮೂತಿಗೆ ಹೊಟ್ಟೆ ತಾಗುವ ಹಾಗೆ ನಿಂತುಬಿಟ್ಟರು.

“ನಡಿ,” ಅಂದರು, ತಿರುಗದೆ.

“ನಡೀತಿದೀನಿ.”

“ಬೇಗ ನಡಿಯೇ.”

“ಬೇಗ ಬರಲ್ಲ ನನ್ನ ಕಾಲಿಗೆ.”

ಅತ್ತೆ ನಡೆದರು. ಒಂದು ಹೆಜ್ಜೆ ಇಟ್ಟು, ಮಂಡಿ ನೆಟ್ಟಗೆ ಮಾಡಿಕೊಂಡು, ಇನ್ನೊಂದು ಹೆಜ್ಜೆ. ಅತ್ತ ಕಡೆಯಿಂದ ಬರುವ ಗಾಡಿಗಳಿಗೆ ಗಂಡ ಅಡ್ಡ ನಿಂತ. ಹಿಂದೆ ಸಾಲು ಬೆಳೆಯಿತು, ಹಾರ್ನುಗಳು ಒಂದರ ಮೇಲೊಂದು ಬಿದ್ದವು. ಎದುರು ಬಾಗಿಲಲ್ಲಿ ದರ್ಜಿಯವಳು ಟೇಪನ್ನು ಕೊರಳಿಗೆ ಹಾಕಿಕೊಂಡೇ ಹೊರಗೆ ಬಂದಿದ್ದಳು. ಸೊಸೆಗೆ ಅಳು ಬಂತು, ಅತ್ತೆಯ ಕೈ ಹಿಡಿಯೋಣ ಅಂತ ಹೋದವಳನ್ನು ಅತ್ತೆ ಕಣ್ಣಲ್ಲೇ ತಡೆದರು.

ಮುಂದಿನ ಕಾರಿನವನು ಕಿಟಕಿಯಿಂದ ತಲೆ ಹೊರಗೆ ಹಾಕಿದ. ಹಳೇ ಗಿರಾಕಿ.

“ಸಾಹುಕಾರ್ರೇ, ಪಕ್ಕಕ್ಕೆ ಬನ್ನಿ. ನಾನು ನಿಮ್ಮ ಅಂಗಡಿಗೇ ಬಂದಿರೋದು. ನಾಲ್ಕೂ ಟೈರ್ ಹೊಸದು ಹಾಕ್ಸಬೇಕು.”

ಮಾವ ಬಗ್ಗಿ ಅವನ ಟೈರು ನೋಡಿದರು. ಪೂರ್ತಿ ಬೋಳಾಗಿತ್ತು. ಕತ್ತು ಹೊರಳಿಸಿ ಹೆಂಡತಿಯನ್ನು ನೋಡಿದರು. ಅವರಿನ್ನೂ ಬೀದಿಯ ನಡುವೆ.

“ಅವಳು ಆ ಕಡೆ ಸೇರೋ ತನಕ ಈ ಕಾರು ಅಲ್ಲಾಡಲ್ಲ.”

“ನನಗೆ ಅರ್ಜೆಂಟಿದೆ ಸ್ವಾಮಿ.”

“ಅರ್ಜೆಂಟಿದ್ರೆ ಇಳಿದು ನಡ್ಕೊಂಡು ಬನ್ನಿ,” ಅಂದರು ಮಾವ.